ಕಥೆ ಹೇಳುವವನ ಮೈ

1727ರಲ್ಲಿ ಲೈಪ್‌ಜಿಗ್‌ನ ಚರ್ಚಿನಲ್ಲಿ ಮೊದಲು ಹಾಡಿದ ಬಾಖ್‌ನ ‘ಸಂತ ಮತ್ತಾಯನ ಪ್ಯಾಷನ್’, ಯೇಸುವಿನ ಯಾತನೆಯ ಕಥೆ ಹಾಡುವ ಕೃತಿ, ರಂಗಕ್ಕಾಗಿ ಬರೆದದ್ದಲ್ಲ. 2010ರಲ್ಲಿ ಸೈಮನ್ ರ‍್ಯಾಟಲ್ ಅವರ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ನಿರ್ದೇಶಕ ಪೀಟರ್ ಸೆಲ್ಲರ್ಸ್ ಅದನ್ನು ರಂಗಕ್ಕೆ ತಂದಾಗ, ಕಥೆಯ ನಿರೂಪಕನಾದ ಸುವಾರ್ತಿಕನಾಗಿ ಹಾಡಿದ ಟೆನರ್ ಮಾರ್ಕ್ ಪ್ಯಾಡ್‌ಮೋರ್ ಇಡೀ ಪ್ರಯೋಗವನ್ನು ಹೊತ್ತು ನಿಂತರು. ಯೇಸುವಿನ ಮಾತುಗಳನ್ನು ಕ್ರಿಸ್ಟಿಯನ್ ಗೆರ್‌ಹಾಹರ್ ದೂರ ನಿಂತು ಹಾಡುತ್ತಾರೆ. ಯೇಸುವಿನ ನೋವು ಮಾತ್ರ ಕಥೆ ಹೇಳುವ ಪ್ಯಾಡ್‌ಮೋರ್ ಅವರ ಮೈಮೇಲೆ ಬೀಳುತ್ತದೆ. ಕೈಯಲ್ಲಿ ಸ್ವರಲಿಪಿಯಿಲ್ಲ, ಮರೆಗೆ ಏನೂ ಇಲ್ಲ.

ನಿರೂಪಕ ಸಾಕ್ಷಿಯಾಗಿರಬೇಕು, ಪಾತ್ರವಾಗಬಾರದು ಎಂಬ ಆಕ್ಷೇಪಕ್ಕೆ ತೂಕವಿದೆ. ಸಂಗೀತ ತೀರಾ ಆಪೆರಾದಂತೆ ಇರಕೂಡದೆಂಬ ಷರತ್ತಿಗೆ ಬಾಖ್ ಲೈಪ್‌ಜಿಗ್‌ನಲ್ಲಿ ಒಪ್ಪಿಕೊಂಡಿದ್ದನಲ್ಲ! ಆದರೆ ಅವನ ಸ್ವರಗಳೇ ಬೇರೆ ಮಾತು ಹೇಳುತ್ತವೆ. ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದು ಹೇಳಿ, ಹೊರಗೆ ಹೋಗಿ ಅತ್ತ ಎಂಬ ಒಂದೇ ವಾಕ್ಯ ನೋಡಿ. ವರದಿ ಒಪ್ಪಿಸುವವನಿಗೆ ಅಲ್ಲಿ ನಾಲ್ಕು ಸ್ವರ ಸಾಕಿತ್ತು. ಬಾಖ್ ಅಳುವಿನ ಪದವನ್ನು ಎಳೆದು, ಮೇಲಕ್ಕೇರಿಸಿ, ಬಳುಕಿಸಿ ಇಳಿಸುತ್ತಾನೆ. ಅಳುವವನು ಪೇತ್ರ, ಆದರೆ ಅಳು ಬರುವುದು ನಿರೂಪಕನ ಗಂಟಲಿನಿಂದ. ಪ್ಯಾಡ್‌ಮೋರ್ ಅಲ್ಲಿ ಬಿಕ್ಕುವುದಿಲ್ಲ. ದನಿಯನ್ನು ತೆಳುವಾಗಿಸುತ್ತಾರೆ, ಶ್ರುತಿ ಬಿಡುವುದಿಲ್ಲ. ಅತ್ತು ತೋರಿಸಿದ್ದರೆ ಅದು ನಟನೆಯಾಗುತ್ತಿತ್ತು. ಈ ಸಂಯಮದಿಂದಲೇ, ಬೆನ್ನಿಗೆ ಮ್ಯಾಗ್ಡಲೀನಾ ಕೊಜೆನಾ ವಯೊಲಿನ್ನಿನ ಜೊತೆ ಹಾಡುವ ಕರುಣೆಯ ಬೇಡಿಕೆಗೆ ಜಾಗ ಉಳಿಯುತ್ತದೆ. ಮೈ ದುಡಿದರೆ ನಾದ ಕೆಡುತ್ತದೆ ಎನ್ನುವವರೂ ಇದ್ದಾರೆ. ಕೆಲವೆಡೆ ದನಿ ಒರಟಾಗುವುದು ನಿಜ. ಆದರೆ ಈ ಕಥೆಗೆ ಎಲ್ಲೆಲ್ಲೂ ನುಣುಪಾದ ದನಿ ಒಪ್ಪುವುದಿಲ್ಲ.