ಆಟಕ್ಕಿಂತ ಮೊದಲೇ ಸತ್ತ ಬಡಗಿ

'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಹೊಸದಾಗಿ ಕಲಿಯೋರಿಗೆ ಅಂತ 2014ರಲ್ಲಿ ಬಂದ ಸ್ಟಾರ್ಟರ್ ಸೆಟ್‌ನಾಗ 64 ಪುಟದ ಒಂದು ಕಥೆ ಅದ: 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್'. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರ ಹಿಡಿದು 'ನಾ ಹಿಂಗ ಮಾಡ್ತೀನಿ' ಅನ್ನಬೇಕು, ಅದು ಆಯ್ತೋ ಇಲ್ಲೋ ಅಂತ ದಾಳ ಹೇಳ್ತದ. ಬರೆದಿಟ್ಟ ಮಾತಿಲ್ಲದ ದೊಡ್ಡಾಟ ಅನ್ಕೊಳ್ರಿ.

ಕಲಿಸೋದರಾಗ ಇದಕ್ಕೆ ಪೂರ್ತಿ ಅಂಕ. ಐದು ಪಾತ್ರಗಳು ಸಿದ್ಧ ಇರ್ತಾವ. ಫ್ಯಾಂಡಲಿನ್ ಅನ್ನೋ ಸಣ್ಣ ಊರಿಗೆ ಬಂಡಿಯಲ್ಲಿ ಸಾಮಾನು ಮುಟ್ಟಿಸೋ ಕೆಲಸ. ದಾರಿಯಲ್ಲಿ ಎರಡು ಕುದುರೆ ಸತ್ತು ಬಿದ್ದಿರ್ತಾವ, ಪೊದೆಯಿಂದ ಗಾಬ್ಲಿನ್‌ಗಳು ಎರಗ್ತಾವ. ಹುಮನಾಬಾದಿನ ನಮ್ಮ ಮನೆ ಮಾಳಿಗೆ ಮ್ಯಾಲೆ ರಜೆಗೆ ಬಂದ ಹುಡುಗರಿಗೆ ಕನ್ನಡದಾಗೇ ಆಡಿಸಿದೆ. ಅರ್ಧ ತಾಸಿನೊಳಗ ನಿಯಮ ಕೇಳೋದು ಬಿಟ್ಟು ಆಟಕ್ಕೆ ಬಿದ್ದಿದ್ದರು.

ನನ್ನ ತಕರಾರು ಊರಿನ ಬಗ್ಗೆ. ಫ್ಯಾಂಡಲಿನ್ನನ್ನು 'ರೆಡ್‌ಬ್ರ್ಯಾಂಡ್ಸ್' ಅನ್ನೋ ಗೂಂಡಾ ಗುಂಪು ಅಂಜಿಸಿ ಇಟ್ಟದ. ಊರ ಮುಖ್ಯಸ್ಥ ಹಾರ್ಬಿನ್ ವೆಸ್ಟರ್ ಪುಕ್ಕಲ. ಉಳಿದವರಲ್ಲಿ ಹೆಚ್ಚಿನವರು ಬಂದವರಿಗೆ ಒಂದೊಂದು ಕೆಲಸ ಹಚ್ಚೋದಕ್ಕೇ ಇದ್ದಂಗಿದ್ದಾರೆ. ಎದುರು ನಿಂತವನು ಥೆಲ್ ಡೆಂಡ್ರಾರ್ ಅನ್ನೋ ಬಡಗಿ. ಅಂಗಡಿಗೆ ಬಂದು ಹೆಂಡತಿ ಮ್ಯಾಲೆ ಕಣ್ಣು ಹಾಕಿದವರನ್ನ ತಡೆದ. ಅವನನ್ನ ಕೊಂದರು, ಹೆಂಡತಿ-ಮಕ್ಕಳನ್ನ ಹೊತ್ತೊಯ್ದರು. ಇಷ್ಟೂ ಆಟಗಾರರು ಊರು ಮುಟ್ಟೋ ಮುಂಚೇನೇ ಮುಗಿದುಹೋಗಿರ್ತದ. ನಮಗ ಸಿಗೋದು ಊರವರ ಬಾಯಿಂದ ಎರಡು ಸಾಲು ಸುದ್ದಿ.

ನಮ್ಮ ನಾಡಿನ ಲೆಕ್ಕವೇ ಬೇರೆ. ವೀರಗಲ್ಲುಗಳನ್ನ ನೋಡ್ರಿ: ಊರಳಿವು, ತುರುಗೊಳ್, ಪೆಣ್ಬುಯ್ಯಲ್. ಊರಿನ ಮ್ಯಾಲೆ ದಾಳಿ ಬಂದಾಗ, ದನ ಹೊಡ್ಕೊಂಡು ಹೋದಾಗ, ಹೆಣ್ಣಿನ ಕೂಗು ಕೇಳಿದಾಗ ಅಡ್ಡ ನಿಂತು ಸತ್ತವರಿಗೆ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮ್ಯಾಲೆ ಲಿಂಗದ ಮುಂದೆ ವೀರ. ಈ ಲೆಕ್ಕದಲ್ಲಿ ಕಥಾನಾಯಕ ಥೆಲ್. ಪುಸ್ತಕ ಅವನನ್ನ ಬರೀ ಸುದ್ದಿ ಮಾಡಿಬಿಟ್ಟದ.

ವೀರಗಲ್ಲಿನ ಕಾಲ ದೂರದ್ದು ಅಂತೀರೇನು? ಬಸವಕಲ್ಯಾಣ ಭಾಗದ ಗೋರ್ಟಾ ಊರಿನ ಮ್ಯಾಲೆ ರಜಾಕಾರರು ಬಿದ್ದದ್ದು 1948ರ ಮೇ ತಿಂಗಳಲ್ಲಿ. ಭಾರತದ ಸೈನ್ಯ ನಿಜಾಮನ ರಾಜ್ಯದೊಳಗ ಬಂದದ್ದು ಸೆಪ್ಟೆಂಬರ್ 13ಕ್ಕೆ. ನಡುವೆ ನಾಲ್ಕು ತಿಂಗಳು. ಅದನ್ನ ಆಟ ಮಾಡ್ರಿ ಅಂತ ನಾ ಹೇಳೂದಿಲ್ಲ. ಆದ್ರೆ ಹೊರಗಿನವರು ಬರೋತನಕ ಊರು ಹೆಂಗ ಉಳೀತದ, ಯಾರು ಎದುರು ನಿಲ್ತಾರ, ಯಾರು ಬಾಗಿಲು ಹಾಕ್ಕೋತಾರ ಅನ್ನೋದೇ ಇಂಥ ಕಥೆಯ ಜೀವ. ಈ ಪುಸ್ತಕ ಅದನ್ನ ಕೈಗೆ ತಗೊಂಡು ಬಿಟ್ಟುಬಿಡ್ತದ.

ಆಡಿಸೋರಿಗೆ ಒಂದು ಸಲಹೆ. ಮೊದಲ ದಿನ ಥೆಲ್‌ನನ್ನ ಬದುಕಿಸಿ ಇಡ್ರಿ. ಹುಡುಗರು ಬಂಡಿಯ ಮುರಿದ ಗಾಲಿ ಅವನ ಕೈಲಿ ರಿಪೇರಿ ಮಾಡಿಸ್ಕೊಳ್ಳಲಿ, ಅವನ ಮಕ್ಕಳ ಜೋಡಿ ಮಾತಾಡಲಿ. ರೆಡ್‌ಬ್ರ್ಯಾಂಡ್ಸ್ ಆಮ್ಯಾಲೆ ಬರಲಿ. ಎರಡನೇ ಸಲ ನಾ ಹಿಂಗ ಆಡಿಸಿದಾಗ, ಬಹುಮಾನ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ.