ಮುದ್ರೆ ನಿಜ, ಓಲೆ ಸುಳ್ಳು

ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಬಂಗಾರಪೇಟೆಯ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮಾರಿಕುಪ್ಪಂ ಗಾಡಿಯಲ್ಲಿ ಚಿನ್ನದ ಗಣಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಒಂದು ಓಲೆ, ಅದರ ಮೇಲೊಂದು ಮುದ್ರೆ. ಅಷ್ಟರಿಂದಲೇ ಅಂಥ ಮಂತ್ರಿ ಕೆಟ್ಟುಹೋಗುತ್ತಾನೆಯೆ, ಸಾರ್? ಇದು ಕಥೆಯಲ್ಲಿ ನಡೆದೀತು, ನಿಜವಾಗಿ ನಡೆದೀತೆ?” ತರಗತಿ ನಕ್ಕಿತು. ನಾನು ನಗಲಿಲ್ಲ. ನಿಜವಾಗಿ ನಡೆದದ್ದು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. ಅಲ್ಲಿ ಮಂತ್ರಿ ಕೆಟ್ಟದ್ದಷ್ಟೇ ಅಲ್ಲ, ಅವನ ತಲೆಯೇ ಹೋಯಿತು. ಆ ಹುಡುಗನಿಗೆ ಅಂದು ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ನೋಡುವುದು ಅನುಚಿತವಾಗಲಾರದು.

ಮೊದಲು ಕಥೆಯ ಓಲೆಯನ್ನೇ ನೋಡೋಣ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ವಸ್ತುವನ್ನು ಕೆಂಪುನಾರಾಯಣನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕನ್ನಡ ಗದ್ಯಕ್ಕೆ ತಂದ. ಮೂಲ ನಾಟಕದಲ್ಲಿ ಚಾಣಕ್ಯನಿಗೆ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಸಿಕ್ಕುತ್ತದೆ. ರಾಕ್ಷಸನ ಗೆಳೆಯನೇ ಆದ ಶಕಟದಾಸನ ಕೈಯಿಂದ, ಅವನಿಗೆ ಉದ್ದೇಶ ತಿಳಿಯದಂತೆ, ಓಲೆ ಬರೆಸಿ, ಅದಕ್ಕೆ ಆ ಮುದ್ರೆಯೊತ್ತಲಾಗುತ್ತದೆ. ಓಲೆ ಮಲಯಕೇತುವಿನ ಕೈಸೇರುತ್ತದೆ. ಅವನು ದುಡುಕುವವನಾದರೂ ಒಂದು ಕೆಲಸ ಮಾಡುತ್ತಾನೆ: ಶಕಟದಾಸನ ಬೇರೊಂದು ಬರಹವನ್ನು ತರಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತಾನೆ. ಅಕ್ಷರ ಹೊಂದುತ್ತದೆ, ಮುದ್ರೆಯೂ ಹೊಂದುತ್ತದೆ. ರಾಕ್ಷಸನು ನಿರುತ್ತರನಾಗುತ್ತಾನೆ. ಇತ್ತ ಅವನ ಸಂಸಾರವನ್ನು ಮರೆಮಾಡಿ ಕಾಪಾಡಿದ ಮಣಿಗಾರ ಶೆಟ್ಟಿ ಚಂದನದಾಸನನ್ನು ಶೂಲಕ್ಕೇರಿಸಲು ಕರೆದೊಯ್ಯುತ್ತಾರೆ. ಗೆಳೆಯನನ್ನು ಉಳಿಸಲು ರಾಕ್ಷಸನು ಶರಣಾಗುತ್ತಾನೆ. ವರ್ತಕನ ಜೀವ ಉಳಿಯುತ್ತದೆ. ಎಲ್ಲವೂ ಚಾಣಕ್ಯನ ಎಣಿಕೆಯಂತೆ ಸುಖಾಂತವಾಗುತ್ತದೆ. ನಾವು ಕಳ್ಳ ಓಲೆಯನ್ನು ಮರೆತು ಬುದ್ಧಿಯ ಚಳಕವನ್ನು ಹೊಗಳುತ್ತೇವೆ. ಅದೇ ಓಲೆಯನ್ನು ನಂಬಿ ಮಲಯಕೇತು ಐವರು ಅರಸರನ್ನು ಕೊಲ್ಲಿಸಿದನೆಂಬುದು ನಮ್ಮ ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಆ ಐವರು ರಂಗದ ಆಚೆಗೆ ಸತ್ತವರು.

ಬೀದರಿನ ಕಥೆಯಲ್ಲಿ ಸತ್ತವನು ರಂಗದ ನಡುವೆಯೇ ಇದ್ದಾನೆ.

ಮಹಮೂದ್ ಗವಾನನು ಪರ್ಷಿಯಾದ ಗೀಲಾನ್ ಪ್ರಾಂತ್ಯದವನು. 1453ರಲ್ಲಿ, ನಾಲ್ವತ್ತು ದಾಟಿದ ಮೇಲೆ, ಸರಕು ಹಡಗಿಗೇರಿಸಿಕೊಂಡು ದಾಭೋಳದ ರೇವಿನಲ್ಲಿ ಇಳಿದ. ವ್ಯಾಪಾರ ಒಂದು ಉದ್ದೇಶ. ಬೀದರಿನಲ್ಲಿದ್ದ ಸಂತನೊಬ್ಬನ ದರ್ಶನ ಇನ್ನೊಂದು. ಅಲ್ಲಿಂದ ದಿಲ್ಲಿಗೆ ಹೋಗುವ ಯೋಚನೆಯಿದ್ದ ಈ ವರ್ತಕನನ್ನು ಬಹಮನಿ ಸುಲ್ತಾನನು ತನ್ನಲ್ಲಿಯೇ ಉಳಿಸಿಕೊಂಡ. ಮುಂದೆ ಅವನಿಗೆ ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಅರಸು, ಎಂಬ ಬಿರುದು ಬಂತು. 1466ರಿಂದ ಹದಿನೈದು ವರ್ಷ ರಾಜ್ಯದ ಕಾರುಭಾರವೆಲ್ಲ ಅವನ ಕೈಯಲ್ಲಿತ್ತು. 1472ರಲ್ಲಿ ಗೋವೆಯನ್ನು ಗೆದ್ದ. ಅದೇ ವರ್ಷ ಬೀದರಿನಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಒಬ್ಬೊಬ್ಬ ಪ್ರಾಂತ್ಯಾಧಿಕಾರಿಗೆ ಒಂದೇ ಕೋಟೆಯೆಂದು ಕಟ್ಟು ಮಾಡಿದ. ಈ ಕಟ್ಟೇ ಅವನಿಗೆ ಶತ್ರುಗಳನ್ನು ಬೆಳೆಸಿತು.

ಆ ದರ್ಬಾರಿನಲ್ಲಿ ಎರಡು ಪಂಗಡಗಳು: ನೆಲೆನಿಂತ ದಖನಿಗಳು, ಸಮುದ್ರದಾಚೆಯಿಂದ ಬಂದ ಆಫಾಕಿಗಳು. ಹೊರಗಿನಿಂದ ಬಂದವರನ್ನು ‘ಗರೀಬ’ರೆಂದೂ ಕರೆಯುತ್ತಿದ್ದರು. ಆ ಮಾತಿಗೆ ಹೊರನಾಡಿಗ ಎಂಬ ಅರ್ಥವೂ ಇದೆ, ದಿಕ್ಕಿಲ್ಲದವ ಎಂಬ ಅರ್ಥವೂ ಇದೆ. ನಮ್ಮ ‘ಪರದೇಶಿ’ ಎಂಬ ಮಾತಿನ ಹಾಗೆಯೇ. ಗಣಿಗಾಗಿ ನಾಲ್ಕು ದಿಕ್ಕಿನಿಂದ ಬಂದವರು ಕಟ್ಟಿದ ಊರಿನ ಪಕ್ಕದಲ್ಲಿ ಕುಳಿತು ಬರೆಯುವ ನನಗೆ, ಒಂದೇ ಮಾತಿನಲ್ಲಿ ಈ ಎರಡು ಅರ್ಥಗಳು ಕೂಡಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಗವಾನನಿಗಿಂತ ಮೊದಲು ಅದೇ ಬಿರುದು ಹೊತ್ತಿದ್ದ ಬಸ್ರಾದ ವರ್ತಕ ಖಲಫ್ ಹಸನನೂ ಕೊಂಕಣದ ದಂಡಯಾತ್ರೆಯಲ್ಲಿ ಹತನಾದವನೇ. ಅಲ್ಲಿಂದ ತಪ್ಪಿಸಿಕೊಂಡು ಬಂದ ಅವನ ಕಡೆಯ ಪರದೇಶಿಗಳು ದಂಗೆಯೆದ್ದಿದ್ದಾರೆಂದು ಸುಲ್ತಾನನಿಗೆ ಸುಳ್ಳು ವರದಿ ಹೋಯಿತು. ಚಾಕಣದಲ್ಲಿ ಅವರ ಕಗ್ಗೊಲೆಯಾಯಿತು. ಗವಾನನು ಬರುವ ಮೊದಲೇ ಆ ರಾಜ್ಯದಲ್ಲಿ ಸುಳ್ಳು ಬರಹಕ್ಕೆ ಕೊಲ್ಲುವ ಶಕ್ತಿ ಬಂದಿತ್ತು.

ಇನ್ನು ಮರಣದ ಪ್ರಸಂಗ. ಅದು ನಮಗೆ ಹೆಚ್ಚಾಗಿ ಬಂದಿರುವುದು ಇತಿಹಾಸಕಾರ ಫರಿಷ್ತಾನ ಮೂಲಕ. ತೆಲಂಗಾಣದ ಅಧಿಕಾರಿ ಮಲಿಕ್ ಹಸನನ ಕಡೆಯವರು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬಶಿ ಸೇವಕನ ಗೆಳೆತನ ಸಂಪಾದಿಸಿದರು. ಕಾಣಿಕೆ ಕೊಟ್ಟರು, ಕುಡಿಸಿದರು. ಒಂದು ದಿನ ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ಗೆಳೆಯನೊಬ್ಬನ ಲೆಕ್ಕದ ಚೀಟಿ, ಎಲ್ಲರ ಮುದ್ರೆಯೂ ಬಿದ್ದಿದೆ, ನಿನ್ನ ಯಜಮಾನನದೊಂದು ಸಾಲದು ಎಂದರು. ಅವನು ಬಿಚ್ಚಿ ನೋಡದೆ ಒತ್ತಿಬಿಟ್ಟ. ಕಾಗದ ಬರಿದಾಗಿತ್ತು. ಅದರಲ್ಲಿ, ಒರಿಸ್ಸಾದ ಅರಸನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಪತ್ರ ಹುಟ್ಟಿತು. ಕುಡಿದ ಅಮಲಿನಲ್ಲಿದ್ದ ಮೂರನೆಯ ಮುಹಮ್ಮದ ಸುಲ್ತಾನನು ಅದನ್ನು ನಂಬಿ, ಕೊಂಡಪಲ್ಲಿಯ ಪಾಳೆಯಕ್ಕೆ ಗವಾನನನ್ನು ಕರೆಸಿದ. ಸ್ನೇಹಿತರು ಎಚ್ಚರಿಸಿದರು, ಗುಜರಾತಿಗೆ ಓಡಿಹೋಗಲು ಕುದುರೆ ದಂಡು ಸಿದ್ಧವಿತ್ತು, ಅವನು ಹೋಗಲಿಲ್ಲ. ಸ್ವಾಮಿದ್ರೋಹಿಗೆ ಶಿಕ್ಷೆಯೇನೆಂದು ಸುಲ್ತಾನ ಕೇಳಿದಾಗ, ಕತ್ತಿಯೇ ಎಂದು ಉತ್ತರಿಸಿದ. ಪತ್ರ ತೋರಿಸಿದಾಗ, ಮುದ್ರೆ ತನ್ನದು ಹೌದು, ಬರಹ ತನಗೆ ತಿಳಿಯದು ಎಂದ. ಸುಲ್ತಾನನು ಜೌಹರ್ ಎಂಬ ಗುಲಾಮನಿಗೆ ಅಪ್ಪಣೆ ಕೊಟ್ಟು ಒಳಗೆ ಹೋದ. 1481ನೆಯ ಏಪ್ರಿಲ್ 5ರಂದು, ಎಪ್ಪತ್ತು ಮುಟ್ಟಿದ ಮುದುಕನು ಮೊಣಕಾಲೂರಿ ತಲೆಗೊಟ್ಟ.

ಇಲ್ಲಿಯ ವಿಪರ್ಯಾಸವನ್ನು ಸಾಹಿತ್ಯದ ಓದುಗರು ಗಮನಿಸಬೇಕು. ಗವಾನನು ಬರಿಯ ಮಂತ್ರಿಯಲ್ಲ. ಪತ್ರಲೇಖನ ಕಲೆಯಲ್ಲಿ ತನ್ನ ಕಾಲದ ಹೆಸರಾಂತ ವ್ಯಕ್ತಿ. ಆ ಕಲೆಯ ಲಕ್ಷಣಗಳನ್ನು ಹೇಳುವ ‘ಮನಾಜಿರ್-ಉಲ್-ಇನ್ಷಾ’ ಅವನ ಗ್ರಂಥ. ಅವನ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಷಾ’. ತುರ್ಕಿಯ ಸುಲ್ತಾನನಿಗೂ ಕವಿ ಜಾಮಿಗೂ ಅವನ ಪತ್ರಗಳು ಹೋಗುತ್ತಿದ್ದುವು. ಅಲಂಕಾರದ ಭಾರದಿಂದ ಬಾಗಿದ ಆ ಶೈಲಿ ಇಂದಿನವರಿಗೆ ರುಚಿಸದಿರಬಹುದು. ಆದರೆ ಅದು ಒಬ್ಬ ಮನುಷ್ಯನ ಶೈಲಿ, ನೂರು ಪತ್ರಗಳ ನಡುವೆ ಗುರುತಿಸಬಹುದಾದದ್ದು. ಅಂಥವನು ಬರೆದನೆಂಬ ಪತ್ರ ಕೈಗೆ ಬಂದಾಗ, ಇದು ಅವನ ಮಾತಿನ ಧಾಟಿಯೆ, ಅಕ್ಷರ ಯಾರದು, ತಂದವನು ಯಾರು ಎಂದು ಕೇಳುವವರು ಆ ಪಾಳೆಯದಲ್ಲಿ ಇರಲಿಲ್ಲ. ಮಲಯಕೇತು ಮಾಡಿದಷ್ಟು ಪರೀಕ್ಷೆಯನ್ನೂ ಸುಲ್ತಾನ ಮಾಡಲಿಲ್ಲ. ಅವನು ಮುದ್ರೆಯನ್ನು ನೋಡಿದ, ಓಲೆಯನ್ನು ಓದಲಿಲ್ಲ. ವಿಮರ್ಶೆ ಎಂಬುದು ಪಂಡಿತರ ವಿರಾಮದ ವಿನೋದವೆಂದು ತಿಳಿದವರಿಗೆ ನಾನು ಈ ಪ್ರಸಂಗವನ್ನು ತೋರಿಸುತ್ತೇನೆ.

ಆದರೆ ನ್ಯಾಯ ಒಂದೇ ಇರಬೇಕು. ಸುಲ್ತಾನನಿಗೆ ಹಿಡಿದ ಅಳತೆಗೋಲನ್ನು ನಮಗೂ ಹಿಡಿಯಬೇಕಾಗುತ್ತದೆ. ಫರಿಷ್ತಾನ ಹೆಸರೂ ಒಂದು ಮುದ್ರೆಯೇ. ಅದು ಬಿದ್ದಿದೆಯೆಂದು ಅವನ ಬರಹವೆಲ್ಲ ದಿಟವೆನ್ನಬಹುದೆ? ಅವನು ಬರೆದದ್ದು ಘಟನೆಯಾದ ನೂರಿಪ್ಪತ್ತು ವರ್ಷಗಳಿಗೂ ಈಚೆಗೆ, ಬಿಜಾಪುರದ ಆಸ್ಥಾನದಲ್ಲಿ. ಆ ರಾಜವಂಶದ ಮೂಲಪುರುಷ ಯೂಸುಫ್ ಆದಿಲ್ ಖಾನನು ಗವಾನನ ಆಶ್ರಯದಲ್ಲಿ ಬೆಳೆದವನು. ಪಿತೂರಿಯ ಮಲಿಕ್ ಹಸನನ ಮಗನಾದರೋ ಎದುರಾಳಿ ಅಹಮದ್‌ನಗರದ ವಂಶವನ್ನು ಸ್ಥಾಪಿಸಿದವನು. ಫರಿಷ್ತಾನೂ ಪರ್ಷಿಯಾದಿಂದ ಬಂದ ಮನೆತನದವನೇ. ಹೀಗಿರುವಾಗ ಅವನ ಕಥೆಯಲ್ಲಿ ಪರದೇಶಿ ಸಂತನಾಗಿಯೂ ದಖನಿ ದುಷ್ಟನಾಗಿಯೂ ಕಾಣುವುದು ಆಶ್ಚರ್ಯವಲ್ಲ. ಸಾಯುವವನ ಬಾಯಲ್ಲಿ ಉದಾತ್ತವಾದ ಮಾತುಗಳನ್ನು ಇಡುವುದೂ ಚರಿತ್ರಕಾರರ ಹಳೆಯ ರೂಢಿ. ಆ ಮಾತುಗಳನ್ನು ನಾನು ಕಾವ್ಯವೆಂದು ಓದುತ್ತೇನೆ, ಸಾಕ್ಷ್ಯವೆಂದು ಅಲ್ಲ.

ನನ್ನನ್ನು ಒಪ್ಪಿಸುವುದು ಅದರ ಮುಂದಿನ ಪುಟ. ಕೊಲೆಯಾದ ಮೇಲೆ ಸುಲ್ತಾನನು ಗವಾನನ ಭಂಡಾರವನ್ನು ಶೋಧಿಸುತ್ತಾನೆ. ಖಜಾನೆಯವನು ಲೆಕ್ಕ ಒಪ್ಪಿಸುತ್ತಾನೆ. ಜಹಗೀರಿನ ಹುಟ್ಟುವಳಿಯೆಲ್ಲ ದಂಡಿಗೂ ಆನೆಕುದುರೆಗೂ ಹೋಗುತ್ತಿತ್ತು. ಯಜಮಾನನು ತನ್ನ ದೇಶದಿಂದ 40,000 ಲಾರಿ ನಾಣ್ಯದ ಬಂಡವಾಳ ತಂದಿದ್ದ. ಅದನ್ನು ವ್ಯಾಪಾರದಲ್ಲಿ ತೊಡಗಿಸಿ, ಲಾಭದಿಂದ ದಿನಕ್ಕೆ 12 ಲಾರಿ ತನ್ನ ಅಡಿಗೆಗೆ ಇಟ್ಟುಕೊಂಡು, ಉಳಿದುದನ್ನು ಬಂಧುಗಳಿಗೂ ಬಡವರಿಗೂ ಕೊಡುತ್ತಿದ್ದ. ಮಲಗುತ್ತಿದ್ದುದು ಚಾಪೆಯ ಮೇಲೆ, ಬೇಯುತ್ತಿದ್ದುದು ಮಣ್ಣಿನ ಮಡಕೆಯಲ್ಲಿ. ಚಾಪೆಯೂ ಮಡಕೆಯೂ ಎಲ್ಲ ಸಂತರ ಕಥೆಗಳಲ್ಲಿ ಬರುವಂಥವು. ಅವನ್ನು ಬಿಟ್ಟರೂ ಬಿಡಬಹುದು. ಅಸಲು ಬೇರೆ, ಲಾಭ ಬೇರೆ, ಅರಸನ ಹಣ ಬೇರೆ, ತನ್ನ ಹಣ ಬೇರೆ ಎಂಬ ಆ ಲೆಕ್ಕ ಮಾತ್ರ ಸಂತನದಲ್ಲ, ಶೆಟ್ಟಿಯದು. ಅಷ್ಟು ವರ್ಷ ಅಧಿಕಾರದಲ್ಲಿದ್ದರೂ ಅವನ ಒಳಗಿನ ವರ್ತಕ ಸತ್ತಿರಲಿಲ್ಲ.

ಹಾಗೆಂದು ಅವನನ್ನು ಪೂಜಾಪೀಠದಲ್ಲಿ ಕೂರಿಸಬೇಕಾಗಿಲ್ಲ. ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಈ ‘ಮೆಲಿಕ್ ತುಚಾರ’ನ ಮನೆಯಲ್ಲಿ ದಿನವೂ ಐನೂರು ಜನ ಉಣ್ಣುತ್ತಿದ್ದರೆಂದು ಬರೆದಿದ್ದಾನೆ. ಆ ನಾಡಿನಲ್ಲಿ ಪ್ರಭುಗಳು ವೈಭವದಲ್ಲಿದ್ದರು, ಹಳ್ಳಿಯ ಜನ ದುಃಸ್ಥಿತಿಯಲ್ಲಿದ್ದರು ಎಂದೂ ಅವನೇ ಬರೆದಿದ್ದಾನೆ. ಕೊಂಕಣ, ಬೆಳಗಾವಿಗಳಲ್ಲಿ ಗವಾನನ ದಂಡು ಹೋದ ದಾರಿ ಹೂವಿನದಲ್ಲ. ದಖನಿಗಳ ಭಯವೂ ಬರಿಯ ಹೊಟ್ಟೆಕಿಚ್ಚಲ್ಲ. ತಲೆಮಾರುಗಳಿಂದ ಈ ನೆಲದಲ್ಲಿದ್ದವರು ಹೊಸಬರ ಕೈಕೆಳಗಾದಾಗ ಹುಟ್ಟುವ ಕಹಿ ಅದು. ಇವೆಲ್ಲವೂ ಕೂಡಿದಾಗಲೇ ಗವಾನನ ಸಾವು ನೀತಿಕಥೆಯಾಗದೆ ದುರಂತವಾಗುತ್ತದೆ.

ಇದೇ ಮಾದರಿಯ ಇನ್ನೊಂದು ಸಾವು ಯೂರೋಪಿನ ಫ್ಲಾಂಡರ್ಸಿನಲ್ಲಿ ನೂರಕ್ಕೂ ಹೆಚ್ಚು ವರ್ಷ ಹಿಂದೆ ನಡೆಯಿತು. ಗೆಂಟ್ ಎಂಬ ನೇಕಾರರ ಪಟ್ಟಣ ಇಂಗ್ಲೆಂಡಿನ ಉಣ್ಣೆಯಿಲ್ಲದೆ ಹಸಿದಿದ್ದಾಗ, ಯಾಕೊಬ್ ವಾನ್ ಆರ್ಟೆವೆಲ್ಡ್ ಎಂಬ ವರ್ತಕ 1338ರಲ್ಲಿ ಊರಿನ ನಾಯಕನಾಗಿ ಇಂಗ್ಲೆಂಡಿನೊಡನೆ ಸ್ನೇಹ ಬೆಳೆಸಿ ಮಗ್ಗಗಳನ್ನು ನಡೆಸಿದ. 1345ರ ಜುಲೈಯಲ್ಲಿ, ನಾಡನ್ನು ಇಂಗ್ಲಿಷ್ ರಾಜಕುಮಾರನಿಗೆ ಒಪ್ಪಿಸುತ್ತಾನೆ, ನಾಡಿನ ಹಣವನ್ನು ಕಡಲಾಚೆಗೆ ಕಳಿಸಿದ್ದಾನೆ ಎಂಬ ಕೂಗೆದ್ದಿತು. ಜನ ಮನೆ ಮುತ್ತಿ ಲೆಕ್ಕ ಕೇಳಿ, ಲೆಕ್ಕ ಕೊಡುವ ಮುನ್ನವೇ ಕೊಂದರು. ಫ್ರುವಾಸಾರ್ ಎಂಬ ಚರಿತ್ರಕಾರ ಅದನ್ನು ಬಣ್ಣಿಸಿದ್ದಾನೆ. ಅಲ್ಲಿ ಜನ, ಇಲ್ಲಿ ದೊರೆ. ಅಲ್ಲಿ ವದಂತಿ, ಇಲ್ಲಿ ಪತ್ರ. ಆರೋಪ ಮಾತ್ರ ಒಂದೇ: ನೆರೆಯ ಅರಸನೊಡನೆ ಒಳಸಂಚು. ಹತ್ತು ನಾಡಿನೊಡನೆ ವ್ಯವಹರಿಸುವುದು ವರ್ತಕನ ಕಸುಬು. ಅವನ ಏಳಿಗೆಗೆ ಕಾರಣವಾದ ಆ ನಂಟೇ ಸಂಶಯದ ದಿನ ಅವನ ಕೊರಳಿಗೆ ಹಗ್ಗವಾಗುತ್ತದೆ. ಎರಡು ಕಡೆಯೂ ಲೆಕ್ಕ ನೋಡಬಹುದಾಗಿತ್ತು. ಬೀದರಿನಲ್ಲಿ ನೋಡಿದ್ದು ಕೊಂದ ಮೇಲೆ.

ಮುಹಮ್ಮದ ಸುಲ್ತಾನನು ಒಂದು ವರ್ಷ ಕಳೆಯುವಷ್ಟರಲ್ಲಿ, 1482ರಲ್ಲಿ, ತೀರಿಕೊಂಡ. ಮಲಿಕ್ ಹಸನನೂ ನಾಲ್ಕು ವರ್ಷಗಳ ತರುವಾಯ ಕೊಲೆಯಾದ. ರಾಜ್ಯ ಒಡೆದು ಐದಾಯಿತು. ಮದರಸಾದ ಅರ್ಧ 1696ರಲ್ಲಿ ಸಿಡಿಮದ್ದಿಗೆ ಹಾರಿಹೋಗಿ, ಒಂದು ಮಿನಾರು ಇಂದಿಗೂ ನಿಂತಿದೆ.

ಕನ್ನಡ ನಾಟಕವು 1964ರಲ್ಲಿ ‘ತುಘಲಕ್’ನನ್ನೂ 1990ರಲ್ಲಿ ‘ತಲೆದಂಡ’ದ ಬಿಜ್ಜಳನನ್ನೂ ರಂಗಕ್ಕೆ ತಂದು ಅರಸರ ದುರಂತವನ್ನು ನಮಗೆ ಮನಗಾಣಿಸಿತು. ಗವಾನನನ್ನು ರಂಗಕ್ಕೆ ತರುವವರಿಗೆ ನನ್ನದೊಂದು ಬಿನ್ನಹವಿದೆ. ನಾಟಕದ ಕೇಂದ್ರದಲ್ಲಿ ಸುಲ್ತಾನನೂ ಬೇಡ, ಗವಾನನೂ ಬೇಡ. ಆ ಮುದ್ರೆ ಕಾಯುವವನು ಇರಲಿ. ಅವನು ದ್ರೋಹಿಯಲ್ಲ. ಗೆಳೆಯನ ಮಾತಿಗೆ ಒಪ್ಪಿ, ಬಿಚ್ಚಿ ನೋಡುವ ತೊಂದರೆ ತೆಗೆದುಕೊಳ್ಳದವನು. ಶಕಟದಾಸನು ಏಕೆಂದು ಕೇಳದೆ ಬರೆದ, ಇವನು ಏನೆಂದು ನೋಡದೆ ಒತ್ತಿದ. ಕೆಡುಕರ ಬುದ್ಧಿಗಿಂತ ಹೆಚ್ಚಾಗಿ ಇಂಥ ಒಳ್ಳೆಯವರ ಸೋಮಾರಿತನದಿಂದಲೇ ಕಳ್ಳ ಓಲೆಗಳು ಲೋಕದಲ್ಲಿ ನಡೆದುಬಂದಿವೆ.

ಆ ವಿದ್ಯಾರ್ಥಿಗೆ ಅಂದು ನಾನು ಹೇಳಿದ್ದು ಇಷ್ಟೇ: ಕಥೆಯಲ್ಲಿ ಶೆಟ್ಟಿಯನ್ನು ಶೂಲದ ಬುಡದಿಂದ ಬಿಡಿಸಲು ಕವಿಯಿದ್ದ. ಕೊಂಡಪಲ್ಲಿಯಲ್ಲಿ ಬೇಕಾಗಿದ್ದದ್ದು ಕವಿಯಲ್ಲ, ಒಬ್ಬ ಓದುಗ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕುಳಿತುಕೊಂಡ. ತರಗತಿ ಮತ್ತೆ ನಗಲಿಲ್ಲ.