ದೂರದರ್ಶನದ ಕಾಡಿಗೆ ಕನ್ನಡದ ದನಿ

ತೆರೆಯ ಮೇಲೆ ಕಾಣುವುದನ್ನು ಕಣ್ಣೇ ಗ್ರಹಿಸುತ್ತದೆ. ಕಾಣದ ಕಾರಣವನ್ನು ತಿಳಿಸುವುದು ನಿರೂಪಕನ ಧರ್ಮ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ವನ್ಯಜೀವಿ ಚಿತ್ರ ‘ವೈಲ್ಡ್ ಕರ್ನಾಟಕ’ ೨೦೨೦ರಲ್ಲಿ ಡಿಸ್ಕವರಿ ವಾಹಿನಿಯಲ್ಲಿ ಪ್ರಸಾರವಾದಾಗ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿಯಿತ್ತರು. ೨೦೨೧ರಲ್ಲಿ ಇಂಗ್ಲಿಷ್ ನಿರೂಪಣೆಗೆ ರಾಷ್ಟ್ರಪ್ರಶಸ್ತಿ ಘೋಷಿತವಾಯಿತು. ಅದು ಉಚಿತವೇ: ಮೃಗವು ತಾನೇ ಮಾತನಾಡುವೆಡೆ ಸುಮ್ಮನಿರಬಲ್ಲ ಸಂಯಮ ಆ ವೃದ್ಧಕಂಠಕ್ಕಿದೆ.

ಆದರೂ ಗೋವೆಯಲ್ಲಿ ಕನ್ನಡ ಕಲಿಸುವ ನಮಗೆ ಕನ್ನಡ ನಿರೂಪಣೆಯೇ ಹೆಚ್ಚಿನದು. ‘ನೀರುನಾಯಿ’ ಎಂಬ ಹೆಸರೇ ಅರ್ಧ ವಿವರಣೆ. ‘ಆಟರ್’ ಎಂಬುದು ನಮ್ಮ ಮಕ್ಕಳಿಗೆ ಬರಿಯ ಸದ್ದು. ಸಹ್ಯಾದ್ರಿಯ ಕಾಡು ಗೋವೆಗೂ ಹಬ್ಬಿದೆ. ಅದರ ವಿಜ್ಞಾನವನ್ನು ಪರಭಾಷೆಯಲ್ಲೇ ಕೇಳಿ ಬೆಳೆದ ಮಗು, ಕನ್ನಡವು ಮನೆಮಾತಿಗಷ್ಟೇ ಸಾಕೆಂದು ತಿಳಿದೀತು. ನಿರೂಪಕನು ಅನುವಾದವನ್ನು ಓದದೆ, ಕಂಡವನಂತೆ ನುಡಿಯಬೇಕು. ಆಗ ಮಗುವೂ ತಾನು ಕಂಡುದನ್ನು ಕನ್ನಡದಲ್ಲಿಯೇ ನುಡಿದೀತು.